ಕಮಾನಿಗೆ ಪಟ್ಟಿ ಸೇರಿಸುವ ಮುನ್ನ

ಕೊಯ್ಲಿನ ಕಾಲ ಹತ್ತಿರವಾಯಿತೆಂದರೆ ನಮ್ಮ ಸೀಮೆಯ ಕಮಾನು ಕಟ್ಟುವ ಅಂಗಡಿಗಳ ಮುಂದೆ ಪಿಕಪ್ ಗಾಡಿಗಳ ಸಾಲು ನಿಲ್ಲುತ್ತದೆ. ಶ್ರೀನಿವಾಸಪುರ, ಚಿಂತಾಮಣಿ, ಮುಳಬಾಗಿಲು, ಕೋಲಾರ ಯಾವ ಕಡೆ ಹೋದರೂ ಈ ನೋಟ ಒಂದೇ. ಗಾಡಿಯ ಹಿಂಭಾಗವನ್ನು ಜಾಕಿಯ ಮೇಲೆ ಎತ್ತಿ ನಿಲ್ಲಿಸಿರುತ್ತಾರೆ. ಚಕ್ರ ಕಳಚಿ ಪಕ್ಕಕ್ಕೆ ಒರಗಿರುತ್ತದೆ. ಗಾಡಿಯ ಯಜಮಾನ ಬೀಡಿಯನ್ನೋ ಚಹಾ ಲೋಟವನ್ನೋ ಹಿಡಿದು ನಿಂತು ಹೇಳುವ ಮಾತೂ ಒಂದೇ: "ಎರಡು ಪಟ್ಟಿ ಜಾಸ್ತಿ ಹಾಕಿ ಮೇಸ್ತ್ರಿ, ಎಷ್ಟು ಏರಿದರೂ ಹಿಂದೆ ಕೂರಬಾರದು."

ಈ ಮಾತನ್ನು ನಾನೂ ಹೇಳಿದವನೇ. ಆದುದರಿಂದ ಇಲ್ಲಿ ಬರೆಯುತ್ತಿರುವುದು ದೊಡ್ಡವನೊಬ್ಬನ ಉಪದೇಶವೆಂದು ರೈತ ಬಾಂಧವರು ಭಾವಿಸಬಾರದು. ಹಾಗೆ ಪಟ್ಟಿ ಹಾಕಿಸಿದ ಗಾಡಿಯನ್ನು ಓಡಿಸಿ, ಒಮ್ಮೆ ಕೆರೆಯ ಏರಿಯ ಮೇಲೆ ಜೀವ ಕೈಯಲ್ಲಿ ಹಿಡಿದು, ಆಮೇಲೆ ಆ ಪಟ್ಟಿಗಳನ್ನು ಬಿಚ್ಚಿಸಿದವನ ಅಭಿಪ್ರಾಯ ಇದು. ಪಟ್ಟಿ ಸೇರಿಸಿದರೆ ಗಾಡಿಗೆ ಬಲ ಬರುತ್ತದೆ, ಓಡಾಟ ಹದವಾಗುತ್ತದೆ ಎಂಬ ನಮ್ಮ ನಂಬಿಕೆ ಅರ್ಧ ಮಾತ್ರ ನಿಜ. ಉಳಿದ ಅರ್ಧದ ವಿಚಾರವನ್ನು ನಾವು ಯಾರೂ ಕಟ್ಟೆಯ ಮೇಲೆ ಕುಳಿತು ಮಾತಾಡುವುದಿಲ್ಲ.

ಎತ್ತಿನ ಗಾಡಿಗೆ ಕಮಾನು ಇರಲಿಲ್ಲ. ಅಚ್ಚಿನ ಮೇಲೆ ನೇರವಾಗಿ ತೊಲೆ, ತೊಲೆಯ ಮೇಲೆ ಹಲಗೆ. ಗುಂಡಿ ಬಂದರೆ ಸೊಂಟವೇ ಕಮಾನು! ಜಟಕಾಗಾಡಿಗೆ ಮಾತ್ರ ಬಾಗಿದ ಉಕ್ಕಿನ ಪಟ್ಟಿಗಳಿದ್ದವು. ಇಂದಿನ ಪಿಕಪ್ಪಿನ ಹಿಂದಿನ ಅಚ್ಚಿಗೆ ಇರುವುದು ಅದೇ ಜಾತಿಯ ಕಮಾನು. ಒಂದರ ಕೆಳಗೊಂದು ಉದ್ದ ಕಡಿಮೆಯಾಗುತ್ತ ಹೋಗುವ ಪಟ್ಟಿಗಳು, ನಡುವೆ ಅವನ್ನು ಹಿಡಿದಿಡುವ ಸೆಂಟರ್ ಬೋಲ್ಟು, ಅಚ್ಚಿಗೆ ಬಿಗಿಯುವ ಯು ಬೋಲ್ಟುಗಳು, ಎರಡು ತುದಿಗಳಲ್ಲಿ ಬುಷ್ಷು, ಒಂದು ತುದಿಯಲ್ಲಿ ಆಡಲು ಬಿಡುವ ಶಾಕಲ್ಲು. ಬಹಳ ಗಾಡಿಗಳಲ್ಲಿ ಎಲ್ಲಕ್ಕೂ ಕೆಳಗೆ ದಪ್ಪನೆಯ ಒಂದೆರಡು ಪಟ್ಟಿಗಳು ಬೇರೆಯಾಗಿಯೇ ಇರುತ್ತವೆ. ಇವಕ್ಕೆ ಹೆಲ್ಪರ್ ಪಟ್ಟಿ ಎನ್ನುತ್ತಾರೆ. ಖಾಲಿ ಇರುವಾಗ ಅವು ಸುಮ್ಮನಿರುತ್ತವೆ. ಲೋಡು ಬಿದ್ದು ಮೇಲಿನ ಪಟ್ಟಿಗಳು ಬಗ್ಗಿದಾಗ ಮಾತ್ರ ಭಾರಕ್ಕೆ ಹೆಗಲು ಕೊಡುತ್ತವೆ. ಖಾಲಿಗೂ ಸಲ್ಲಬೇಕು, ಲೋಡಿಗೂ ಸಲ್ಲಬೇಕು ಎಂಬ ಕಷ್ಟದ ಪ್ರಶ್ನೆಗೆ ಗಾಡಿ ಮಾಡಿದವರು ಕಂಡುಕೊಂಡ ಉತ್ತರ ಅದು. ನಾವು ಪಟ್ಟಿ ಸೇರಿಸುವಾಗ ಮೊದಲು ಕೆಡಿಸುವುದು ಈ ಹೊಂದಾಣಿಕೆಯನ್ನೇ.

ಲೆಕ್ಕ ಕೇಳಿ. ಪಟ್ಟಿಯ ಬಿರುಸು ಅದರ ದಪ್ಪದ ಜೊತೆ ಸಮಸಮವಾಗಿ ಏರುವುದಿಲ್ಲ, ದಪ್ಪದ ಘನದಂತೆ ಏರುತ್ತದೆ. ದಪ್ಪ ಇಮ್ಮಡಿಯಾದರೆ ಬಿರುಸು ಎಂಟು ಪಟ್ಟು. ನಿಮ್ಮ ಕಮಾನಿನಲ್ಲಿ 8 ಮಿ.ಮೀ. ದಪ್ಪದ ಐದು ಪಟ್ಟಿಗಳಿವೆ ಎನ್ನಿ. ಅದೇ ದಪ್ಪದ, ಅದೇ ಉದ್ದದ ಇನ್ನೊಂದನ್ನು ಸೇರಿಸಿದರೆ ಬಿರುಸು ನೂರಕ್ಕೆ 20ರಷ್ಟು ಹೆಚ್ಚುತ್ತದೆ. ಇದು ಎಲ್ಲರಿಗೂ ಹೊಳೆಯುವ ಲೆಕ್ಕ. ಆದರೆ ಅಂಗಡಿಯಲ್ಲಿ ಕೈಗೆ ಸಿಕ್ಕುವುದು ಹಳೆಯ ಲಾರಿಯಿಂದ ಕಳಚಿ ತಂದ 12 ಮಿ.ಮೀ. ಪಟ್ಟಿ. ಅದೊಂದನ್ನು ಸೇರಿಸಿದರೆ 8 ಮಿ.ಮೀ. ಪಟ್ಟಿ ಮೂರನ್ನು ಸೇರಿಸಿದ್ದಕ್ಕೂ ಮೀರಿ, ಬಿರುಸು ನೂರಕ್ಕೆ 67ರಷ್ಟು ಏರಿಬಿಡುತ್ತದೆ. ಇಂಥವನ್ನು ಎರಡು ಹಾಕಿಸಿದರೆ ಮೊದಲಿನ ಕಮಾನಿನ ಎರಡು ಪಟ್ಟಿಗೂ ಹೆಚ್ಚು ಬಿರುಸು. ಸೇರಿಸುವ ಪಟ್ಟಿಯ ಉದ್ದ ಕಡಿಮೆಯಿದ್ದರೆ ಈ ಲೆಕ್ಕ ಸ್ವಲ್ಪ ಆಚೀಚೆ ಆದೀತು. ಆದರೆ "ಒಂದೇ ಒಂದು ಪಟ್ಟಿ ತಾನೇ" ಎನ್ನುವ ಮಾತಿಗೆ ಅರ್ಥವಿಲ್ಲವೆಂದು ತೋರಿಸಲು ಇಷ್ಟು ಸಾಕು. ಇನ್ನೂ ಒಂದು ಸಂಗತಿಯಿದೆ. ಒಂದೇ ಬಾಗಿಗೆ ಬಗ್ಗುವಾಗ ದಪ್ಪ ಪಟ್ಟಿಯ ಮೈಮೇಲೆ ಬೀಳುವ ಎಳೆತ ತೆಳು ಪಟ್ಟಿಗಿಂತ ಹೆಚ್ಚು, 8ಕ್ಕೆ 12 ಎಂದರೆ ಒಂದೂವರೆ ಪಟ್ಟು. ಬಲಕ್ಕೆಂದು ಹಾಕಿಸಿದ ಪಟ್ಟಿಯೇ ಮೊದಲು ಬಿರುಕು ಬಿಟ್ಟು ಮುರಿಯುವುದನ್ನು ಕಂಡು "ಮಾಲು ಸರಿಯಿಲ್ಲ" ಎಂದು ಮೇಸ್ತ್ರಿಯನ್ನು ಬೈಯುತ್ತೇವೆ. ತಪ್ಪು ಯಾವಾಗಲೂ ಮಾಲಿನದಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ನನ್ನ ಗಾಡಿಗೆ ಎರಡೂ ಬದಿ ಅಂಥ ಎರಡೆರಡು ಪಟ್ಟಿ ಬಿದ್ದಿದ್ದವು. ಲೋಡು ಹಾಕಿದಾಗ ಗಾಡಿ ನೆಟ್ಟಗೆ ನಿಲ್ಲುತ್ತಿತ್ತು; ನೋಡಿದವರು ಹೊಗಳುತ್ತಿದ್ದರು, ನನಗೂ ಹೆಮ್ಮೆ. ಹಿಂದಿನ ಟೈರುಗಳಿಗೆ ಗಾಳಿಯನ್ನೂ ಕಲ್ಲಿನಂತೆ ಹೊಡೆಸಿದ್ದೆ. ಒಂದು ಬೆಳಿಗ್ಗೆ ಮಾರುಕಟ್ಟೆಯಲ್ಲಿ ಮಾಲು ಇಳಿಸಿ, ಖಾಲಿ ಕ್ರೇಟುಗಳನ್ನು ಹೇರಿಕೊಂಡು ಊರಿಗೆ ಬರುತ್ತಿದ್ದೇನೆ. ರಾತ್ರಿ ಮಳೆ ಬಿದ್ದು ರಸ್ತೆ ಒದ್ದೆ. ನಮ್ಮೂರ ಕೆರೆಯ ಏರಿ ಎಡಕ್ಕೆ ತಿರುಗುವ ಕಡೆ ಡಾಂಬರು ಕಿತ್ತು ಸಾಲು ಸಾಲಾಗಿ ಸಣ್ಣ ಗುಂಡಿಗಳಿವೆ. ವೇಗ 40ರ ಆಸುಪಾಸು, ಅದಕ್ಕಿಂತ ಹೆಚ್ಚಿರಲಿಲ್ಲ. ಆ ಗುಂಡಿಗಳ ಮೇಲೆ ಹಿಂಭಾಗ ಟಕಟಕನೆ ಕುಣಿಯಿತು. ಮರುಕ್ಷಣ ಸ್ಟಿಯರಿಂಗ್ ನನ್ನ ಕೈಯಲ್ಲಿದ್ದರೂ ಗಾಡಿ ನನ್ನ ಕೈಯಲ್ಲಿರಲಿಲ್ಲ. ಹಿಂಭಾಗ ಬಲಕ್ಕೆ ಜಾರಿ, ಗಾಡಿ ಅಡ್ಡವಾಗಿ ತಿರುಗಿ, ಏರಿಯ ಅಂಚಿನ ಕಲ್ಲಿಗೆ ಹಿಂದಿನ ಚಕ್ರ ತಗುಲಿ ನಿಂತಿತು. ಕಲ್ಲಿನಾಚೆ ನೀರು. ಕ್ರೇಟುಗಳ ನಡುವೆ ಕೆಲಸದ ಹುಡುಗನೊಬ್ಬ ಕುಳಿತಿದ್ದ. ಅವನಿಗೆ ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆದರೆ ಅವನು ಇಳಿದು ಬಂದು ಏನೂ ಮಾತಾಡದೆ ನನ್ನ ಮುಖವನ್ನೇ ನೋಡುತ್ತ ನಿಂತದ್ದು ಇವತ್ತಿಗೂ ನೆನಪಿದೆ.

ಲೋಡು ಇದ್ದಾಗ ಅಲ್ಲ, ಖಾಲಿ ಇದ್ದಾಗ ಹೀಗಾಯಿತು ಎಂಬುದನ್ನು ಗಮನಿಸಬೇಕು. ಟೈರು ನೆಲವನ್ನು ಹಿಡಿದಿದ್ದರೆ ಮಾತ್ರ ಗಾಡಿ ನಾವು ತಿರುಗಿಸಿದ ಕಡೆ ತಿರುಗುತ್ತದೆ. ಕಮಾನಿನ ಮುಖ್ಯ ಕೆಲಸ ಭಾರ ಹೊರುವುದೊಂದೇ ಅಲ್ಲ; ಗುಂಡಿ ಬಂದರೂ ದಿಬ್ಬ ಬಂದರೂ ಟೈರನ್ನು ನೆಲಕ್ಕೆ ಒತ್ತಿಡುವುದು ಅದರ ಕೆಲಸ. ಒಂದೂವರೆ ಸಾವಿರ ಕಿಲೋಗೂ ಬಗ್ಗದಂತೆ ಬಿರುಸು ಮಾಡಿದ ಕಮಾನು ಖಾಲಿ ಡಬ್ಬಕ್ಕೆ ಬಗ್ಗುತ್ತದೆಯೇ? ಬಗ್ಗದ ಕಮಾನು ಚಕ್ರವನ್ನು ಗುಂಡಿಗೆ ಇಳಿಸುವುದಿಲ್ಲ, ಗುಂಡಿಯಿಂದ ಗುಂಡಿಗೆ ಹಾರಿಸುತ್ತದೆ. ಹಾರಿದಷ್ಟು ಹೊತ್ತು ಆ ಚಕ್ರಕ್ಕೆ ನೆಲದ ಹಿಡಿತವಿಲ್ಲ. ತಿರುವಿನಲ್ಲಿ ಇನ್ನೊಂದು ತೊಡಕು. ಮುಂದಿನ ಕಮಾನು ಮೃದುವಾಗಿದ್ದು ಹಿಂದಿನದು ಬಿರುಸಾಗಿದ್ದರೆ, ಗಾಡಿ ವಾಲುವ ಭಾರದ ಹೆಚ್ಚಿನ ಪಾಲು ಹಿಂದಿನ ಹೊರಬದಿಯ ಟೈರೊಂದರ ಮೇಲೆಯೇ ಬೀಳುತ್ತದೆ, ಒಳಬದಿಯದು ಹಗುರವಾಗುತ್ತದೆ. ಆಗ ಮೊದಲು ಜಾರುವುದು ಹಿಂಭಾಗ. ಮುಂಭಾಗ ಜಾರಿದರೆ ವೇಗ ತಗ್ಗಿಸಿ ಸಂಭಾಳಿಸಬಹುದು. ಹಿಂಭಾಗ ಜಾರಿದರೆ ನುರಿತ ಚಾಲಕನಿಗೂ ಕಷ್ಟ. ವರ್ಷದ ಅರ್ಧ ಓಡಾಟ ಖಾಲಿ ಗಾಡಿಯದೇ ಎಂಬುದನ್ನು ಮರೆತು ನಾವು ಬರೀ ಲೋಡಿನ ಕಣ್ಣಿನಿಂದ ಕಮಾನು ಕಟ್ಟಿಸುತ್ತೇವೆ.

ಬ್ರೇಕಿನ ವಿಷಯವನ್ನು ನಾನು ಆ ಘಟನೆಯ ನಂತರ ತಿಳಿದುಕೊಂಡೆ. ತಿಳಿದ ಮೇಲೆ ಅಳುಕು ಇನ್ನೂ ಹೆಚ್ಚಾಯಿತು. ಹಲವು ಪಿಕಪ್ಪುಗಳಲ್ಲಿ ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಸಣ್ಣದೊಂದು ಸರಳು, ಅದರ ತುದಿಗೆ ಒಂದು ವಾಲ್ವು ಇರುತ್ತದೆ. ಮಣ್ಣು ಮೆತ್ತಿಕೊಂಡು ಕಣ್ಣಿಗೇ ಬೀಳುವುದಿಲ್ಲ. ಗಾಡಿಯ ಮೈ ಅಚ್ಚಿಗೆ ಹತ್ತಿರ ಬಂದರೆ "ಲೋಡು ಇದೆ" ಎಂದು ತಿಳಿದು ಅದು ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕು ಕೊಡುತ್ತದೆ. ಮೈ ದೂರ ಇದ್ದರೆ "ಖಾಲಿ ಇದೆ" ಎಂದು ತಿಳಿದು ಕಡಿಮೆ ಮಾಡುತ್ತದೆ, ಹಗುರವಾದ ಚಕ್ರ ಕಚ್ಚಿಕೊಂಡು ಜಾರದಿರಲಿ ಎಂದು. ಅದಕ್ಕೆ ತೂಕ ಗೊತ್ತಿಲ್ಲ, ಗೊತ್ತಿರುವುದು ಅಂತರ ಮಾತ್ರ. ಪಟ್ಟಿ ಸೇರಿಸಿ ಗಾಡಿ ಕೂರದಂತೆ ಮಾಡಿದಿರಿ ಎನ್ನಿ. ಮೇಲೆ ಎರಡು ಟನ್ನು ಇದ್ದರೂ ವಾಲ್ವು ಖಾಲಿ ಎಂದೇ ಎಣಿಸುತ್ತದೆ, ಹಿಂದಿನ ಬ್ರೇಕನ್ನು ತಡೆದಿಡುತ್ತದೆ. ಇಡೀ ಭಾರ ನಿಲ್ಲಿಸುವ ಹೊಣೆ ಮುಂದಿನ ಬ್ರೇಕಿನ ಮೇಲೆ. ಇಳಿಜಾರಿನಲ್ಲಿ ಅದು ಕಾದು ಸೋತರೆ ಗತಿಯೇನು? ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಕಮಾನು ಹಳತಾಗಿ ಕುಸಿದ ಗಾಡಿ ಖಾಲಿ ಇದ್ದರೂ ವಾಲ್ವಿಗೆ ಲೋಡಿನಂತೆ ಕಾಣುತ್ತದೆ. ಮಳೆಯಲ್ಲಿ ಬ್ರೇಕು ತುಳಿದರೆ ಹಿಂದಿನ ಚಕ್ರ ಕಚ್ಚಿ ಗಾಡಿ ಅಡ್ಡ ತಿರುಗುತ್ತದೆ. ಅಂದಮೇಲೆ ಕಮಾನಿನಲ್ಲಿ ಏನೇ ಕೆಲಸ ಮಾಡಿಸಿದರೂ ಆ ಸರಳಿನ ಅಳತೆಯನ್ನು ಕಂಪೆನಿ ಹೇಳಿದಂತೆ ಮತ್ತೆ ಕೂಡಿಸಬೇಕು. ನನ್ನ ಗಾಡಿಗೆ ಪಟ್ಟಿ ಹಾಕಿದ ಕಡೆ ಅದನ್ನು ಯಾರೂ ಮುಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ, ಅಂಥದೊಂದು ಇದೆಯೆಂದು ಗೊತ್ತಿದ್ದರಲ್ಲವೇ ಕೇಳುವುದು.

ಹಾಗಾದರೆ ಹಿಂಭಾಗ ತೂಗಾಡುವ, ತಿರುವಿನಲ್ಲಿ ಬಾಗುವ ಗಾಡಿಯನ್ನು ಹಾಗೆಯೇ ಓಡಿಸಬೇಕೇ ಎಂದು ಕೇಳುವಿರಿ. ಖಂಡಿತ ಬೇಡ. ಆದರೆ ಅನೇಕ ಗಾಡಿಗಳು ತೂಗಾಡುವುದು ಕಮಾನು ಬಲಹೀನವಾಗಿರುವುದರಿಂದ ಅಲ್ಲ, ಶಾಕ್ ಅಬ್ಸಾರ್ಬರ್ ಸತ್ತು ಹೋಗಿರುವುದರಿಂದ. ಕಮಾನು ಆಡುತ್ತದೆ, ಆ ಆಟವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗಿ, ಆಟದ ಶಕ್ತಿಯನ್ನು ಬಿಸಿಯಾಗಿ ಕರಗಿಸುತ್ತದೆ. ಇದು ಸತ್ತ ಗಾಡಿಗೆ ಎಷ್ಟು ಪಟ್ಟಿ ಸೇರಿಸಿದರೂ ಕುಣಿತ ನಿಲ್ಲದು, ಇನ್ನೂ ಚುರುಕಾಗುತ್ತದೆ ಅಷ್ಟೇ. ಪರೀಕ್ಷೆ ಸುಲಭ. ಅದರ ಮೈಮೇಲೆ ಎಣ್ಣೆ ಜಿನುಗಿ ಧೂಳು ಅಂಟಿಕೊಂಡಿದೆಯೇ ನೋಡಿ. ಗಾಡಿಯನ್ನು ನಿಧಾನವಾಗಿ ಒಂದು ಉಬ್ಬಿನ ಮೇಲೆ ಹಾಯಿಸಿ, ಹಿಂದೆ ನಿಂತವರು ಎಣಿಸಲಿ. ಒಮ್ಮೆ ಎದ್ದು ಕುಳಿತು ಸುಮ್ಮನಾಗಬೇಕು, ಮೂರು ನಾಲ್ಕು ಸಲ ಏಳುತ್ತ ಬೀಳುತ್ತ ಇದ್ದರೆ ಅದರ ಕಾಲ ಮುಗಿಯಿತು. ಹಾಳು ರಸ್ತೆಯಲ್ಲಿ ಹತ್ತಾರು ಕಿಲೋಮೀಟರು ಓಡಿಸಿ ಬಂದು ಎರಡೂ ಬದಿಯದನ್ನು ಜೋಪಾನವಾಗಿ ಮುಟ್ಟಿ ನೋಡಿ. ಕೆಲಸ ಮಾಡಿದ್ದು ಬೆಚ್ಚಗಿರುತ್ತದೆ, ತಣ್ಣಗಿರುವುದು ಕೆಲಸ ಮಾಡಿಲ್ಲ. ಬದಲಾಯಿಸುವಾಗ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಒಂದೇ ಹಾಕಿಸಿ ಉಳಿಸುವ ಜಾಣತನ ತಿರುವಿನಲ್ಲಿ ಕೈಕೊಡುತ್ತದೆ.

ಅನಂತರ ಬುಷ್ಷು ಮತ್ತು ಶಾಕಲ್ಲು. ಬುಷ್ಷು ಸವೆದರೆ ಹಿಂದಿನ ಅಚ್ಚು ತನ್ನ ಜಾಗದಲ್ಲಿ ನಿಲ್ಲದೆ ಆಚೀಚೆ ಸರಿದಾಡುತ್ತದೆ. ಅಂಥ ಗಾಡಿ ಹಿಂದಿನ ಚಕ್ರದಿಂದ ತನ್ನನ್ನು ತಾನೇ ತಿರುಗಿಸಿಕೊಳ್ಳುತ್ತದೆ. ನೇರ ರಸ್ತೆಯಲ್ಲೂ ಸ್ಟಿಯರಿಂಗನ್ನು ತಿದ್ದುತ್ತಲೇ ಇರಬೇಕಾಗುತ್ತದೆ. ರಬ್ಬರಿನ ಬುಷ್ಷು ಹಾಕಿದಾಗ ಗಾಡಿ ನೆಲಕ್ಕಿಳಿದು ಚಕ್ರದ ಮೇಲೆ ಭಾರ ಬಿದ್ದ ಮೇಲೆಯೇ ಅದರ ಬೋಲ್ಟನ್ನು ಕೊನೆಯ ಬಿಗಿ ಬಿಗಿಯಬೇಕು. ಜಾಕಿಯ ಮೇಲೆ ನೇತಾಡುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಯು ಬೋಲ್ಟನ್ನು ಒಮ್ಮೆ ಬಿಚ್ಚಿದ ಮೇಲೆ ಹೊಸದು ಹಾಕುವುದೇ ಕ್ಷೇಮ, ಹಾಕಿ ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಮತ್ತೆ ಬಿಗಿಸಬೇಕು. ಇದು ಸಡಿಲವಾದರೆ ಪಟ್ಟಿಗಳು ಜಾರಾಡಿ ಸೆಂಟರ್ ಬೋಲ್ಟು ತುಂಡಾಗುತ್ತದೆ, ಅಚ್ಚು ಒಂದು ಕಡೆ ಹಿಂದೆ ಸರಿಯುತ್ತದೆ. ಮುಂದೆ ಹೋಗುವ ಕೆಲವು ಗಾಡಿಗಳು ಏಡಿಯಂತೆ ಓರೆಯಾಗಿ ನಡೆಯುವುದನ್ನು ನೀವು ಕಂಡಿರಬಹುದು. ಅವುಗಳ ರೋಗ ಬಹುಮಟ್ಟಿಗೆ ಇದೇ. ಮುರಿದ ಪಟ್ಟಿಗೆ ವೆಲ್ಡಿಂಗ್ ಹಾಕಿಸುವುದಂತೂ ಶುದ್ಧ ಮೂರ್ಖತನ. ಬೆಂಕಿ ತಗುಲಿದ ಕಡೆ ಉಕ್ಕಿನ ಹದ ಹೋಗುತ್ತದೆ. ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ, ಅದೂ ಲೋಡು ಇರುವಾಗಲೇ.

ಇಷ್ಟೆಲ್ಲ ಸರಿಮಾಡಿದ ಮೇಲೂ ನ್ಯಾಯವಾದ ಲೋಡಿಗೇ ಗಾಡಿ ಕೂರುತ್ತದೆ ಎಂದರೆ ಕಮಾನು ಸೋತಿದೆ ಎಂದರ್ಥ. ಸೋತ ಕಮಾನಿಗೆ ಹೊಸ ಪಟ್ಟಿ ತೇಪೆ ಹಾಕುವ ಬದಲು, ಅದೇ ಮಾದರಿಗೆ ಕಂಪೆನಿ ಹೇಳಿದ ಪೂರ್ತಿ ಕಮಾನನ್ನೇ ಎರಡೂ ಬದಿ ಹಾಕಿಸುವುದು ಲೇಸು. ಕೆಲಸದ ಸ್ವರೂಪದಿಂದ ಸ್ವಲ್ಪ ಬಿಗುವು ಬೇಕೇಬೇಕು ಎನ್ನುವವರು ಹೆಲ್ಪರ್ ಪಟ್ಟಿಯ ಕಡೆ ನೋಡಲಿ. ಅದು ಖಾಲಿಯಲ್ಲಿ ತಾಕದೆ ಲೋಡಿನಲ್ಲಿ ಮಾತ್ರ ತಾಕುವಂತಿರಬೇಕು. ಇಲ್ಲವೇ ಮೊದಲಿನ ಪಟ್ಟಿಗಳಷ್ಟೇ ದಪ್ಪದ್ದು, ಅವುಗಳ ಬಾಗಿಗೆ ಹೊಂದುವುದು ಒಂದೇ ಒಂದು. ಈಚೆಗೆ ಬಂದ ಕೆಲವು ಗಾಡಿಗಳಲ್ಲಿ ನಡುವೆ ದಪ್ಪ, ತುದಿಗೆ ತೆಳುವಾಗುತ್ತ ಹೋಗುವ ಎರಡು ಮೂರೇ ಪಟ್ಟಿಗಳಿರುತ್ತವೆ. ಒಂದಕ್ಕೊಂದು ನಡುವೆಯೂ ತುದಿಯಲ್ಲಿಯೂ ಬಿಟ್ಟರೆ ತಾಕುವುದಿಲ್ಲ. ಅಂಥ ಕಮಾನಿನ ಕೆಳಗೆ ಹಳೆಯ ಕಾಲದ ಪಟ್ಟಿ ತುರುಕಿಸಿದರೆ ಇದ್ದ ಗುಣವೂ ಹಾಳು. ಗಾಳಿ ತುಂಬುವ ರಬ್ಬರ್ ಚೀಲವನ್ನು ಕಮಾನಿನ ಜೊತೆಗೆ ಹಾಕುವ ಪದ್ಧತಿಯೂ ಇದೆ. ಖಾಲಿಯಲ್ಲಿ ಗಾಳಿ ಇಳಿಸಿ ಲೋಡಿನಲ್ಲಿ ಏರಿಸಬಹುದಾದ್ದರಿಂದ ದಪ್ಪ ಪಟ್ಟಿಗಿಂತ ವಾಸಿ. ಆದರೆ ನಮ್ಮ ಕಲ್ಲು ಮುಳ್ಳಿನ ತೋಟದ ದಾರಿಗಳಲ್ಲಿ ಅದರ ಆಯಸ್ಸಿನ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ.

ಏನೇ ಹಾಕಿಸಿದರೂ ಗಾಡಿಯ ಹೊರುವ ತೂಕ ಹೆಚ್ಚುವುದಿಲ್ಲ. ಈ ಒಂದು ಮಾತನ್ನು ವಾಚನಾಲಯದಲ್ಲಿ ಇದನ್ನು ಓದುವವರು ಓದದವರಿಗೂ ಹೇಳಬೇಕೆಂದು ನನ್ನ ಪ್ರಾರ್ಥನೆ. ಕಮಾನು ಗಟ್ಟಿಯಾದರೆ ಟೈರು ಗಟ್ಟಿಯಾಯಿತೇ? ಅಚ್ಚಿನ ಬೇರಿಂಗು, ಚಾಸಿ, ಬ್ರೇಕು? ಹಿಂಭಾಗ ಕೂರುವುದು ಗಾಡಿ ನಮಗೆ "ಸಾಕು" ಎಂದು ಹೇಳುವ ಭಾಷೆ. ದಪ್ಪ ಪಟ್ಟಿ ಹಾಕಿಸಿ ನಾವು ಆ ಬಾಯಿಯನ್ನು ಮುಚ್ಚಿಸುತ್ತೇವೆ. ಕಾನೂನೂ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯು ಅಕ್ರಮ ಬದಲಾವಣೆ ಒಂದೊಂದಕ್ಕೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಎಂದಿದೆ. ಅದೇ ತಿದ್ದುಪಡಿಯಂತೆ ಅಧಿಕ ಭಾರಕ್ಕೆ ಕಾಯ್ದೆಯಲ್ಲಿ ಇರುವ ದಂಡ 20000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2000. ಹೆಚ್ಚಿನ ಮಾಲು ಇಳಿಸುವ ಖರ್ಚೂ ನಮ್ಮದೇ. ಹರಾಜಿನ ಹೊತ್ತಿಗೆ ರಸ್ತೆ ಬದಿಯಲ್ಲಿ ಟೊಮೆಟೊ ಇಳಿಸಿಕೊಂಡು ಕುಳಿತವನ ಪಾಡನ್ನು ವಿವರಿಸಬೇಕಾಗಿಲ್ಲ.

ನ್ಯಾಯವಾದ ಲೋಡು ಎಷ್ಟು? ಇದನ್ನು ಎಣಿಸಿದವರು ನಮ್ಮಲ್ಲಿ ಕಡಿಮೆ. ನೋಂದಣಿ ಪತ್ರದಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆದಾಗ 1500 ಕಿಲೋ ಬಂತೆನ್ನಿ. ಚಾಲಕ, ಜೊತೆಗಾರ ಇಬ್ಬರಿಗೆ 130 ಕಿಲೋ ತೆಗೆಯಿರಿ, ಉಳಿದದ್ದು 1370. ಕೋಲಾರದ ಮಾರುಕಟ್ಟೆಯ ಟೊಮೆಟೊ ಬಾಕ್ಸು 15 ಕಿಲೋ. ಕ್ರೇಟಿನ ತೂಕ ಎರಡು ಕಿಲೋ ಎಂದು ಹಿಡಿದರೆ ಒಂದಕ್ಕೆ 17. ಭಾಗಿಸಿದರೆ 80 ಬಾಕ್ಸು. ಅದೇ ಗಾಡಿಯಲ್ಲಿ ನಾವು ಹೇರುವುದು 130, 140. 140 ಆದರೆ ಮಾಲೇ 2380 ಕಿಲೋ. ಇಬ್ಬರನ್ನು ಸೇರಿಸಿದರೆ ಒಂದು ಟನ್ನಿಗೂ ಮೀರಿ ಹೆಚ್ಚು. ಹೇರುವ ಬಗೆಯೂ ಹಾಗೆಯೇ. ಹಿಂದಿನ ಬಾಗಿಲನ್ನು ಇಳಿಬಿಟ್ಟು ಅದರ ಮೇಲೂ ಎರಡು ಸಾಲು. ಮುಂದಿನ ಹಿಂದಿನ ಅಚ್ಚುಗಳ ನಡುವೆ 3 ಮೀಟರು ಅಂತರವಿರುವ ಗಾಡಿಯಲ್ಲಿ, ಹಿಂದಿನ ಅಚ್ಚಿನಿಂದ 1 ಮೀಟರು ಹಿಂದಕ್ಕೆ 300 ಕಿಲೋ ಇಟ್ಟರೆ ಹಿಂದಿನ ಅಚ್ಚಿನ ಮೇಲೆ ಬೀಳುವುದು 300 ಅಲ್ಲ, 400. ಆ ಹೆಚ್ಚಿನ 100 ಕಿಲೋ ಬರುವುದು ಮುಂದಿನ ಚಕ್ರದಿಂದ, ಏತದ ಮರದಂತೆ ಎತ್ತಿ. ಮುಂದಿನ ಚಕ್ರ ಹಗುರವಾದರೆ ಸ್ಟಿಯರಿಂಗೂ ಹಗುರ, ಬ್ರೇಕಿನ ಹಿಡಿತವೂ ಹಗುರ. ಭಾರವನ್ನು ಕ್ಯಾಬಿನ್ನಿಗೆ ಒತ್ತಿ, ತಗ್ಗಿನಲ್ಲಿ ಹರಡಿ ಹೇರುವುದು ಕಾಸು ಖರ್ಚಿಲ್ಲದ ಕಮಾನು ರಿಪೇರಿ. ಎತ್ತರ ಹೇರಿದ ಗಾಡಿಯ ವೇಗವನ್ನು ತಿರುವಿನಲ್ಲಿ 30ರಿಂದ 40ಕ್ಕೆ ಏರಿಸಿದರೆ ಅದನ್ನು ಹೊರಕ್ಕೆ ತಳ್ಳುವ ಬಲ ಒಂದೂ ಮುಕ್ಕಾಲು ಪಟ್ಟಾಗುತ್ತದೆಂಬುದೂ ನೆನಪಿರಲಿ.

ಬಿರುಸು ಕಮಾನಿನಿಂದ ಮಾಲಿಗೂ ನಷ್ಟವಿದೆ. ಹಿಂದಿನ ಸಾಲಿನ, ಅದರಲ್ಲೂ ಮೇಲಿನ ಕ್ರೇಟುಗಳ ಹಣ್ಣು ಕುಲುಕಾಡಿ ತೊಟ್ಟಿನ ಬಳಿ ಒಡೆದು ನೀರು ಬಿಟ್ಟಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ದಪ್ಪ ಪಟ್ಟಿ ಬಿಚ್ಚಿಸಿದ ಮೇಲೆ ಅದು ಎದ್ದು ಕಾಣುವಷ್ಟು ತಗ್ಗಿತು. ಹರಾಜು ಕೂಗುವವನು ಮೊದಲು ಕೈ ಹಾಕುವುದು ಮೇಲಿನ ಕ್ರೇಟಿಗೇ ಅಲ್ಲವೇ?

ಇನ್ನೊಂದು ಸಂಗತಿಯನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ, ಬರೆಯದಿದ್ದರೆ ತಪ್ಪಾಗುತ್ತದೆ. ಬೆಳಿಗ್ಗೆ ಕೊಯ್ಲಿಗೆ ಕರೆತರುವ ಹೆಣ್ಣಾಳುಗಳನ್ನು ನಾವು ಕೂರಿಸುವುದು ಇದೇ ಡಬ್ಬದಲ್ಲಿ. ಹದಿನೈದು, ಇಪ್ಪತ್ತು ಜನ, ಹಿಡಿದುಕೊಳ್ಳಲು ಒಂದು ಸರಳಿಲ್ಲದೆ. ಸರಕು ಗಾಡಿಯಲ್ಲಿ ಹೀಗೆ ಆಳುಗಳನ್ನು ಒಯ್ಯುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಎರಡು ಟನ್ನಿಗೆ ಬಿರುಸು ಮಾಡಿದ ಕಮಾನಿನ ಮೇಲೆ ಇಪ್ಪತ್ತು ಹೆಂಗಸರ ಭಾರ ಏನೂ ಅಲ್ಲ. ಗಾಡಿ ಖಾಲಿಯಂತೆಯೇ ಕುಣಿಯುತ್ತದೆ. ನನ್ನ ಗಾಡಿ ಏರಿಯ ಮೇಲೆ ತಿರುಗಿದ್ದು ಮಾರುಕಟ್ಟೆಯಿಂದ ಬರುವಾಗ. ಒಂದು ಗಂಟೆ ತಡವಾಗಿ, ಆಳುಗಳನ್ನು ಕರೆತರುವಾಗ ಆಗಿದ್ದರೆ? ಆ ಹುಡುಗ ನನ್ನ ಮುಖ ನೋಡುತ್ತ ನಿಂತಾಗ ನನ್ನ ತಲೆಗೆ ಬಂದದ್ದು ಇದು. ಅಂದಿನಿಂದ ಆಳುಗಳಿಗೆ ಆಟೋ ಇಲ್ಲವೇ ಬಸ್ಸಿನ ಖರ್ಚು ಕೊಡುತ್ತಿದ್ದೇನೆ. ಲೆಕ್ಕದಲ್ಲಿ ಅದು ನಷ್ಟವೇ. ಅದನ್ನು ಲಾಭವೆಂದು ತೋರಿಸುವ ಜಾಣ್ಮೆ ನನಗಿಲ್ಲ.

ನನಗೆ ಪಟ್ಟಿ ಹಾಕಿಕೊಟ್ಟ ಮೇಸ್ತ್ರಿಯ ಬಳಿಗೇ ಬಿಚ್ಚಿಸಲು ಹೋದೆ. ಅವರು ವಾದ ಮಾಡಲಿಲ್ಲ. "ಸ್ವಾಮಿ, ಪಟ್ಟಿ ಬೇಡವೆಂದು ನಾನು ಹೇಳಿದರೆ ನೀವು ಪಕ್ಕದ ಅಂಗಡಿಗೆ ಹೋಗುತ್ತೀರಿ. ಬಾಡಿಗೆ ಬಾಕ್ಸಿನ ಲೆಕ್ಕ ಇರುವ ತನಕ ನಮ್ಮ ಅಂಗಡಿಗೆ ಕೆಲಸ ತಪ್ಪದು" ಎಂದರು. ಅವರ ಮಾತಿನಲ್ಲಿ ನನ್ನ ಎಲ್ಲ ಲೆಕ್ಕಕ್ಕಿಂತ ಹೆಚ್ಚು ವಿವೇಕವಿತ್ತು. ಗಾಡಿಯವನಿಗೆ ಬಾಡಿಗೆ ಬಾಕ್ಸಿಗೆ ಇಷ್ಟು ಎಂದು ಸಿಗುತ್ತದೆ. ಡೀಸೆಲು, ಚಾಲಕನ ಕೂಲಿ, ಸಾಲದ ಕಂತು ಟ್ರಿಪ್ಪಿನ ಲೆಕ್ಕದಲ್ಲಿ ಹೋಗುತ್ತದೆ. 80 ಬಾಕ್ಸಿಗೆ ಖರ್ಚು ಹುಟ್ಟಿದರೆ 140 ಬಾಕ್ಸಿಗೆ ಲಾಭ. 2023ರ ಜುಲೈ ತಿಂಗಳಿನಲ್ಲಿ ಕೋಲಾರದಲ್ಲಿ ಬಾಕ್ಸು 2000 ರೂಪಾಯಿ ದಾಟಿದಾಗ ಯಾರೂ ಬಾಡಿಗೆಯ ಬಗ್ಗೆ ಚೌಕಾಸಿ ಮಾಡಲಿಲ್ಲ. ಹಣ್ಣನ್ನು ರಸ್ತೆ ಬದಿಗೆ ಸುರಿಯುವ ವರ್ಷಗಳಲ್ಲಿ ಒಂದೊಂದು ರೂಪಾಯಿಗೂ ಜಗಳ. ಆ ಜಗಳದ ಭಾರ ಹೋಗಿ ಬೀಳುವುದು ಹಿಂದಿನ ಕಮಾನಿನ ಮೇಲೆ. ಮಾಲು ನಮ್ಮದು, ಬಾಡಿಗೆಯ ಕ್ರಮ ಗೊತ್ತು ಮಾಡುವವರೂ ನಾವೇ. ಬಾಕ್ಸಿನ ಬದಲು ಟ್ರಿಪ್ಪಿಗೆ ಇಷ್ಟು, ಬಾಕ್ಸು ಇಷ್ಟಕ್ಕೆ ಮೀರಬಾರದು ಎಂದು ಊರೂರಿನಲ್ಲಿ ರೈತರು, ಗಾಡಿಯವರು ಕುಳಿತು ಮಾತಾಡಿಕೊಂಡರೆ ಆಗದ ಕೆಲಸವಲ್ಲ. ರೈತ ಉತ್ಪಾದಕ ಸಂಘಗಳಿರುವ ಕಡೆ ಇದು ಇನ್ನೂ ಸುಲಭ. ಹತ್ತಿರದ ತೂಕದ ಸೇತುವೆಯಲ್ಲಿ ಒಮ್ಮೆ ಖಾಲಿ, ಒಮ್ಮೆ ಲೋಡಿನ ಚೀಟಿ ಮಾಡಿಸಿಟ್ಟುಕೊಂಡರೆ ವಾದಕ್ಕೂ ಎಡೆಯಿಲ್ಲ.

ನಮ್ಮೂರಿನಲ್ಲಿ ಎಂಟು ಪಿಕಪ್ಪುಗಳಿವೆ. ಕಳೆದ ಕೊಯ್ಲಿಗೆ ಮುಂಚೆ ಎರಡು ಸಂಜೆ ಕುಳಿತು ಮಾತಾಡಿದೆವು. ಟ್ರಿಪ್ಪಿನ ಲೆಕ್ಕಕ್ಕೆ ಐವರು ಒಪ್ಪಿದರು. ಇನ್ನು ಮೂವರು, "ಕಂತು ಕಟ್ಟುವವರು ನಾವು, ನೀವಲ್ಲ" ಎಂದು ಎದ್ದು ಹೋದರು. ಅವರಲ್ಲಿ ಒಬ್ಬರು ಮೊನ್ನೆ ಬಂದು, ಆ ಬ್ರೇಕಿನ ಸರಳು ಗಾಡಿಯಡಿ ಯಾವ ಕಡೆ ಇರುತ್ತದೆ ಎಂದು ಕೇಳಿದರು. ಇಬ್ಬರೂ ಗೋಣಿ ಹಾಸಿಕೊಂಡು ಗಾಡಿಯ ಕೆಳಗೆ ತೂರಿದೆವು. ಸರಳು ಇತ್ತು, ತುದಿ ಕಳಚಿಕೊಂಡಿತ್ತು. ಯಾರೋ ಅದನ್ನು ತಂತಿಯಿಂದ ಚಾಸಿಗೆ ಬಿಗಿದು ಕಟ್ಟಿದ್ದರು.